ಉದ್ಯೋಗ ಸಾರಿಗೆ ನೆರವು (ಅಮೆರಿಕ ಸಂಯುಕ್ತ ಸಂಸ್ಥಾನ)

ಉದ್ಯೋಗ ಸಾರಿಗೆ ನೆರವು ಎಂದರೆ ಕಡಿಮೆ ಆದಾಯದ ದುಡಿಮೆಗಾರರು, ಅದರಲ್ಲೂ ಚಿಕ್ಕ ಮಕ್ಕಳಿರುವ ತಂದೆತಾಯಿಯರು, ಕೆಲಸದ ಸ್ಥಳವನ್ನು ಹೊತ್ತಿಗೆ ಸರಿಯಾಗಿ ತಲುಪಿ ಆ ಕೆಲಸವನ್ನು ಉಳಿಸಿಕೊಳ್ಳುವಂತೆ ಸರ್ಕಾರಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ಉದ್ಯೋಗದಾತರು ಒದಗಿಸುವ ಸಹಾಯ. ಬಸ್ ಪಾಸ್, ಪೆಟ್ರೋಲ್ ಖರ್ಚು, ಹೊಸ ಬಸ್ ಮಾರ್ಗಗಳು, ಹಂಚಿಕೆಯ ವ್ಯಾನ್‌ಗಳು, ಹಳೆಯ ಕಾರು ಕೊಳ್ಳಲು ಕಡಿಮೆ ಬಡ್ಡಿಯ ಸಾಲ, ಕಾರಿನ ದುರಸ್ತಿ ವೆಚ್ಚ, ತುರ್ತು ಸಂದರ್ಭದಲ್ಲಿ ಮನೆಗೆ ಮರಳಲು ಟ್ಯಾಕ್ಸಿ ಇವೆಲ್ಲ ಇದರ ರೂಪಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1996ರ ಕಲ್ಯಾಣ ಸುಧಾರಣಾ ಕಾಯ್ದೆಯ ಬಳಿಕ ಈ ವಿಷಯ ರಾಷ್ಟ್ರೀಯ ನೀತಿಯ ಭಾಗವಾಯಿತು. 1998ರಲ್ಲಿ ಆರಂಭವಾದ ‘ಜಾಬ್ ಆಕ್ಸೆಸ್ ಅಂಡ್ ರಿವರ್ಸ್ ಕಮ್ಯೂಟ್’ ಎಂಬ ಕೇಂದ್ರ ಅನುದಾನ ಯೋಜನೆ (ಸಂಕ್ಷಿಪ್ತವಾಗಿ ಜಾರ್ಕ್) ಇದರ ಪ್ರಮುಖ ಉದಾಹರಣೆ. ಆ ಯೋಜನೆ 2012ರಲ್ಲಿ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಂಡಿತಾದರೂ ಅದು ಆರಂಭಿಸಿದ ಬಗೆಯ ಸೇವೆಗಳು ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿದಿವೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳು ಹೊರಮುಖವಾಗಿ ಬೆಳೆದವು. ಹೆದ್ದಾರಿಗಳ ನಿರ್ಮಾಣ ಮತ್ತು ಗೃಹಸಾಲಕ್ಕೆ ದೊರೆತ ಸರ್ಕಾರಿ ಖಾತರಿಯಿಂದ ಮಧ್ಯಮ ವರ್ಗದ ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೋದವು. ಅವರ ಹಿಂದೆಯೇ ಕಾರ್ಖಾನೆಗಳು, ಗೋದಾಮುಗಳು, ಅಂಗಡಿ ಸಂಕೀರ್ಣಗಳು, ಆಸ್ಪತ್ರೆಗಳು ಹೋದವು. ಗೃಹಸಾಲದ ನಿಯಮಗಳಲ್ಲಿಯೂ ಮನೆ ಮಾರಾಟದ ಪದ್ಧತಿಗಳಲ್ಲಿಯೂ ಇದ್ದ ವರ್ಣಭೇದದಿಂದಾಗಿ ಕಪ್ಪು ಜನರು ಹಳೆಯ ನಗರಕೇಂದ್ರಗಳಲ್ಲಿಯೇ ಉಳಿದರು. ಕೆಲಸ ಒಂದು ಕಡೆ, ಕೆಲಸ ಬೇಕಾದವರು ಇನ್ನೊಂದು ಕಡೆ ಎಂಬ ಸ್ಥಿತಿ ಹೀಗೆ ರೂಪುಗೊಂಡಿತು.

ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲಿ ಷಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ಅಂಕಿಅಂಶಗಳನ್ನು ಆಧರಿಸಿ, ವಸತಿಯಲ್ಲಿನ ಪ್ರತ್ಯೇಕತೆಯು ಕಪ್ಪು ಜನರ ಉದ್ಯೋಗಾವಕಾಶವನ್ನು ಕುಗ್ಗಿಸುತ್ತದೆ ಎಂದು ವಾದಿಸಿದರು. ಮುಂದೆ ಇದು ‘ಸ್ಥಾನಿಕ ಹೊಂದಾಣಿಕೆಯ ಕೊರತೆ’ಯ ಸಿದ್ಧಾಂತವೆಂದು ಹೆಸರಾಯಿತು. ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ತಮ್ಮ 1987 ಮತ್ತು 1996ರ ಗ್ರಂಥಗಳಲ್ಲಿ ನಗರಕೇಂದ್ರಗಳಿಂದ ಕಾರ್ಖಾನೆ ಕೆಲಸಗಳು ಮರೆಯಾದುದರ ಸಾಮಾಜಿಕ ಪರಿಣಾಮಗಳನ್ನು ವಿವರಿಸಿ ಈ ಚರ್ಚೆಯನ್ನು ವಿಸ್ತರಿಸಿದರು.

ಸಾರಿಗೆಯ ಕೊರತೆಯನ್ನು ಸರ್ಕಾರಿ ವರದಿಯೊಂದು ಅದಕ್ಕೂ ಮೊದಲೇ ಗುರುತಿಸಿತ್ತು. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದಲ್ಲಿ ನಡೆದ ಗಲಭೆಯಲ್ಲಿ 34 ಮಂದಿ ಸತ್ತರು. ಅದರ ಕಾರಣಗಳನ್ನು ಪರಿಶೀಲಿಸಲು ಕ್ಯಾಲಿಫೋರ್ನಿಯಾದ ರಾಜ್ಯಪಾಲರು ನೇಮಿಸಿದ, ಜಾನ್ ಮೆಕೋನ್ ಅಧ್ಯಕ್ಷತೆಯ ಆಯೋಗವು ಅದೇ ವರ್ಷದ ಡಿಸೆಂಬರ್‌ನಲ್ಲಿ ವರದಿ ನೀಡಿತು. ದುಬಾರಿಯೂ ಅಸಮರ್ಪಕವೂ ಆದ ಬಸ್ ಸೇವೆ ಅಲ್ಲಿನ ನಿವಾಸಿಗಳ ಕೆಲಸದ ಹುಡುಕಾಟಕ್ಕೆ ಅಡ್ಡಿಯಾಗಿದೆ ಎಂಬುದು ಅದರ ಕಂಡುಕೊಳ್ಳುವಿಕೆಗಳಲ್ಲಿ ಒಂದು. ಆ ನಂತರದ ವರ್ಷಗಳಲ್ಲಿ ಕೇಂದ್ರದ ಹಣದಿಂದ ಕೆಲವು ಪ್ರಾಯೋಗಿಕ ಬಸ್ ಮಾರ್ಗಗಳು ನಡೆದವು. ಅನುದಾನ ಮುಗಿದಂತೆ ಅವುಗಳಲ್ಲಿ ಹೆಚ್ಚಿನವು ನಿಂತವು.

ಈ ಸಮಸ್ಯೆ ಎಷ್ಟು ಗಂಭೀರವೆಂಬುದನ್ನು ಸಾರ್ವಜನಿಕರ ಮುಂದಿಟ್ಟದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸಮೀಪ ನಡೆದ ಒಂದು ಅಪಘಾತ. 1995ರ ಡಿಸೆಂಬರ್‌ನಲ್ಲಿ, ಕೈಗೂಸಿನ ತಾಯಿಯಾಗಿದ್ದ 17 ವರ್ಷದ ಕಪ್ಪು ಯುವತಿಯೊಬ್ಬಳು ಚೀಕ್ಟೊವಾಗಾ ಉಪನಗರದ ವಾಲ್ಡನ್ ಗ್ಯಾಲೇರಿಯಾ ಅಂಗಡಿ ಸಂಕೀರ್ಣದಲ್ಲಿದ್ದ ತನ್ನ ಕೆಲಸಕ್ಕೆ ಹೊರಟಿದ್ದಳು. ನಗರದ ಕಪ್ಪು ಜನರ ಬಡಾವಣೆಯಿಂದ ಬರುತ್ತಿದ್ದ 6ನೇ ಸಂಖ್ಯೆಯ ಬಸ್ಸಿಗೆ ಸಂಕೀರ್ಣದ ಆವರಣದೊಳಗೆ ನಿಲುಗಡೆ ಇರಲಿಲ್ಲ. ದೂರದಿಂದ ಬರುವ ಪ್ರವಾಸಿ ಬಸ್ಸುಗಳಿಗೆ ಒಳಗೆ ಅವಕಾಶವಿತ್ತು. ಹೆದ್ದಾರಿಯ ಆಚೆ ಇಳಿದು, ಏಳು ಪಥಗಳ ರಸ್ತೆಯನ್ನು ನಡೆದು ದಾಟುತ್ತಿದ್ದಾಗ ಟ್ರಕ್ ಬಡಿದು ಗಾಯಗೊಂಡ ಆಕೆ 1996ರ ಜನವರಿಯಲ್ಲಿ ತೀರಿಕೊಂಡಳು. ಆ ಬಳಿಕ ಬಸ್ಸಿಗೆ ಒಳಗೆ ಪ್ರವೇಶ ಸಿಕ್ಕಿತು. ಕುಟುಂಬ ಹೂಡಿದ ದಾವೆ 1999ರಲ್ಲಿ ರಾಜಿಯಲ್ಲಿ ಮುಕ್ತಾಯವಾಯಿತು. ಬಸ್ಸು ಇದೆಯೇ ಎಂಬ ಪ್ರಶ್ನೆಯ ಜೊತೆಗೆ ಅದು ಎಲ್ಲಿ ನಿಲ್ಲುತ್ತದೆ, ಯಾರು ಅದನ್ನು ಎಲ್ಲಿ ನಿಲ್ಲಿಸಗೊಡುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳಬೇಕೆಂದು ಹೇಳುವವರು ಇಂದಿಗೂ ಈ ಪ್ರಕರಣವನ್ನು ಉಲ್ಲೇಖಿಸುತ್ತಾರೆ.

ದುಡಿಯುವ ತಂದೆತಾಯಿಯರ ಪ್ರಯಾಣ

ಮಕ್ಕಳಿಲ್ಲದ ಕೆಲಸಗಾರನ ದಿನದ ಪ್ರಯಾಣ ಸಾಮಾನ್ಯವಾಗಿ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಚಿಕ್ಕ ಮಗುವಿರುವ ತಾಯಿಯ ಅಥವಾ ತಂದೆಯ ಪ್ರಯಾಣ ಹಾಗಿರುವುದಿಲ್ಲ. ಮೊದಲು ಶಿಶುಪಾಲನಾ ಕೇಂದ್ರ, ಅಲ್ಲಿಂದ ದೊಡ್ಡ ಮಗುವಿನ ಶಾಲೆ, ಆಮೇಲೆ ಕೆಲಸ. ಮರಳುವಾಗ ಇದೇ ಸರಣಿ ತಿರುಗುಮುರುಗಾಗಿ, ನಡುವೆ ದಿನಸಿ ಅಂಗಡಿಯೋ ಔಷಧದ ಅಂಗಡಿಯೋ ಸೇರುತ್ತದೆ. ಸಾರಿಗೆ ಅಧ್ಯಯನಗಳಲ್ಲಿ ಇದನ್ನು ಪ್ರಯಾಣಗಳ ಸರಪಳಿ ಎನ್ನುತ್ತಾರೆ. ಇಂತಹ ಸರಪಳಿ ಪ್ರಯಾಣವನ್ನು ಪುರುಷರಿಗಿಂತ ಮಹಿಳೆಯರು ಹೆಚ್ಚಾಗಿ ಮಾಡುತ್ತಾರೆ ಎಂಬುದನ್ನು ಸಾಂಡ್ರಾ ರೋಸನ್‌ಬ್ಲೂಮ್ ಮೊದಲಾದ ವಿದ್ವಾಂಸರು ದಶಕಗಳಿಂದ ತೋರಿಸುತ್ತ ಬಂದಿದ್ದಾರೆ.

ಸರಪಳಿಯ ಒಂದು ಕೊಂಡಿ ತಡವಾದರೆ ಮುಂದಿನದೆಲ್ಲವೂ ತಡವಾಗುತ್ತದೆ. ಉದಾಹರಣೆಗೆ, ಗಂಟೆಗೊಮ್ಮೆ ಬರುವ ಬಸ್ಸನ್ನು ಅವಲಂಬಿಸಿದ ತಾಯಿಗೆ ಶಿಶುಪಾಲನಾ ಕೇಂದ್ರದ ಬಾಗಿಲಲ್ಲಿ ಐದು ನಿಮಿಷ ತಡವಾದರೆ ಕೆಲಸಕ್ಕೆ ಒಂದು ಗಂಟೆ ತಡವಾಗುತ್ತದೆ. ಕಾರಿದ್ದವರಿಗೆ ಆ ಐದು ನಿಮಿಷ ಐದೇ ನಿಮಿಷ. ಕಡಿಮೆ ಸಂಬಳದ ಕೆಲಸಗಳಲ್ಲಿ ತಡವಾಗಿ ಬಂದದ್ದಕ್ಕೆ ಕಾರಣ ಕೇಳದೆ ಅಂಕ ಹಾಕುವ, ಅಂಕಗಳು ನಿಗದಿತ ಸಂಖ್ಯೆ ತಲುಪಿದಾಗ ಕೆಲಸದಿಂದ ತೆಗೆಯುವ ಹಾಜರಾತಿ ಪದ್ಧತಿ ಅಮೆರಿಕದ ಗೋದಾಮುಗಳಲ್ಲಿಯೂ ಚಿಲ್ಲರೆ ಮಳಿಗೆಗಳಲ್ಲಿಯೂ ಸಾಮಾನ್ಯ. ಸಂಜೆಯ ಹೊತ್ತು ಮಗುವನ್ನು ಕರೆದೊಯ್ಯಲು ತಡವಾದರೆ ಅನೇಕ ಶಿಶುಪಾಲನಾ ಕೇಂದ್ರಗಳು ನಿಮಿಷದ ಲೆಕ್ಕದಲ್ಲಿ ದಂಡ ವಸೂಲು ಮಾಡುತ್ತವೆ. ಹೀಗಾಗಿ ಒಂದೇ ಬಸ್ಸು ತಪ್ಪಿದ್ದಕ್ಕೆ ಎರಡು ಕಡೆ ಬೆಲೆ ತೆರಬೇಕಾಗುತ್ತದೆ.

ಪಾಳಿಯ ಹೊತ್ತು ಇನ್ನೊಂದು ತೊಡಕು. ವೃದ್ಧಾಶ್ರಮದ ಸಹಾಯಕಿ, ಕಚೇರಿ ಶುಚಿಗೊಳಿಸುವವರು, ಗೋದಾಮಿನ ಕೆಲಸಗಾರರು ಮುಂತಾದವರ ಪಾಳಿ ಬೆಳಗಿನ ಜಾವಕ್ಕೋ ನಡುರಾತ್ರಿಗೋ ಆರಂಭವಾಗುತ್ತದೆ. ನಗರಸಾರಿಗೆಯ ವೇಳಾಪಟ್ಟಿಯಾದರೋ ಬೆಳಿಗ್ಗೆ ಉಪನಗರದಿಂದ ಕೇಂದ್ರಕ್ಕೆ, ಸಂಜೆ ಕೇಂದ್ರದಿಂದ ಉಪನಗರಕ್ಕೆ ಹೋಗುವ ಕಚೇರಿ ನೌಕರರನ್ನು ಗಮನದಲ್ಲಿಟ್ಟು ಮಾಡಿದ್ದು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ಬೆಳಿಗ್ಗೆ ನಗರಕೇಂದ್ರದಿಂದ ಉಪನಗರಕ್ಕೆ ಹೋಗುವ ನಿತ್ಯಪ್ರಯಾಣವನ್ನೇ ‘ರಿವರ್ಸ್ ಕಮ್ಯೂಟ್’ ಎನ್ನುತ್ತಾರೆ.

ಆಡಳಿತದ ಗಡಿಗಳೂ ಅಡ್ಡ ಬರುತ್ತವೆ. ಡೆಟ್ರಾಯಿಟ್‌ನಲ್ಲಿ ನಗರದ ಬಸ್ ಸೇವೆ ಮತ್ತು ಉಪನಗರಗಳ ಬಸ್ ಸೇವೆ ಎರಡು ಬೇರೆ ಸಂಸ್ಥೆಗಳ ಕೈಯಲ್ಲಿದ್ದವು. ಉಪನಗರ ಸೇವೆಯಿಂದ ಹೊರಗುಳಿಯುವ ಆಯ್ಕೆ ಸ್ಥಳೀಯ ಪುರಸಭೆಗಳಿಗಿತ್ತು. ಅದನ್ನು ಬಳಸಿಕೊಂಡ ಊರುಗಳ ಗಡಿಯ ಬಳಿ ಬಸ್ಸು ಪ್ರಯಾಣಿಕರನ್ನು ಇಳಿಸಿ ಹಿಂದಿರುಗುತ್ತಿತ್ತು. ಉದ್ಯೋಗಗಳು ಗಡಿಯ ಆಚೆ ಇದ್ದವು. ಓಕ್‌ಲೆಂಡ್ ಕೌಂಟಿಯ ಮತದಾರರು 2022ರ ನವೆಂಬರ್‌ನಲ್ಲಿ ಇಡೀ ಕೌಂಟಿಗೆ ಅನ್ವಯಿಸುವ ಸಾರಿಗೆ ತೆರಿಗೆಯನ್ನು ಒಪ್ಪಿದ ಮೇಲೆ ಅಲ್ಲಿ ಈ ಹೊರಗುಳಿಯುವ ಪದ್ಧತಿ ಕೊನೆಗೊಂಡಿತು.

1996ರ ಕಲ್ಯಾಣ ಸುಧಾರಣೆ

1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯು 1935ರಿಂದ ಬೇರೆ ಬೇರೆ ರೂಪದಲ್ಲಿ ನಡೆದುಬಂದಿದ್ದ, ಅವಲಂಬಿತ ಮಕ್ಕಳಿರುವ ಕುಟುಂಬಗಳ ನಗದು ನೆರವನ್ನು ರದ್ದುಗೊಳಿಸಿತು. ಅದರ ಜಾಗದಲ್ಲಿ ‘ಅಗತ್ಯವುಳ್ಳ ಕುಟುಂಬಗಳಿಗೆ ತಾತ್ಕಾಲಿಕ ನೆರವು’ (ಟ್ಯಾನ್ಫ್) ಎಂಬ ಯೋಜನೆ ಬಂತು. ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್‌ಗಳ ಇಡಿಗಂಟಿನ ಅನುದಾನ, ಫಲಾನುಭವಿಗಳಿಗೆ ಕೆಲಸದ ಕಡ್ಡಾಯ, ಕೇಂದ್ರದ ಹಣದಿಂದ ದೊರೆಯುವ ನೆರವಿಗೆ ಜೀವಮಾನದಲ್ಲಿ 60 ತಿಂಗಳ ಮಿತಿ, ಇವು ಅದರ ಮುಖ್ಯ ಲಕ್ಷಣಗಳು. ಫಲಾನುಭವಿಗಳಲ್ಲಿ ಹೆಚ್ಚಿನವರು ಒಂಟಿ ತಾಯಂದಿರು.

ಕೆಲಸಕ್ಕೆ ಹೋಗಲೇಬೇಕು ಎಂದು ಕಾನೂನು ಹೇಳಿದೊಡನೆ ಹೇಗೆ ಹೋಗುವುದು ಎಂಬ ಪ್ರಶ್ನೆ ಎದ್ದಿತು. ಟ್ಯಾನ್ಫ್ ಹಣವನ್ನು ಬಸ್ ಪಾಸ್, ಪೆಟ್ರೋಲ್ ವೆಚ್ಚ, ವ್ಯಾನ್ ಸೇವೆ, ಕಾರು ದುರಸ್ತಿ ಇವುಗಳಿಗೆ ಬಳಸಲು ರಾಜ್ಯಗಳಿಗೆ ಅವಕಾಶವಿತ್ತು. ಆದರೆ ಹೀಗೆ ಕೊಟ್ಟ ಸಹಾಯವೂ 60 ತಿಂಗಳ ಲೆಕ್ಕಕ್ಕೆ ಸೇರುವುದಾದರೆ, ಬಸ್ ಪಾಸ್ ಪಡೆದ ತಾಯಿ ಮುಂದೆ ನಿಜವಾದ ಸಂಕಷ್ಟದಲ್ಲಿ ನಗದು ನೆರವಿನ ತಿಂಗಳುಗಳನ್ನು ಕಳೆದುಕೊಳ್ಳುತ್ತಿದ್ದಳು. 1999ರಲ್ಲಿ ಪ್ರಕಟವಾದ ಅಂತಿಮ ನಿಯಮಗಳು ಈ ಗೊಂದಲವನ್ನು ಬಿಡಿಸಿದವು: ಕೆಲಸದಲ್ಲಿರುವ ಕುಟುಂಬಗಳಿಗೆ ಕೊಡುವ ಸಾರಿಗೆ ಮತ್ತು ಶಿಶುಪಾಲನೆಯ ಸಹಾಯವು ಕಾಯ್ದೆಯ ಅರ್ಥದಲ್ಲಿ ‘ನೆರವು’ ಅಲ್ಲ. ನಿರ್ದಿಷ್ಟ ಬಿಕ್ಕಟ್ಟನ್ನು ನಿಭಾಯಿಸಲು ಕೊಡುವ, ನಾಲ್ಕು ತಿಂಗಳು ಮೀರದ ಅಲ್ಪಾವಧಿಯ ಸಹಾಯಕ್ಕೂ ಇದೇ ವಿನಾಯಿತಿ ಅನ್ವಯಿಸಿತು. ಕೆಟ್ಟುನಿಂತ ಕಾರಿನ ದುರಸ್ತಿ ಈ ವರ್ಗಕ್ಕೆ ಬರುತ್ತದೆ. ಕೆಲಸವಿಲ್ಲದವರಿಗೆ ನಿರಂತರವಾಗಿ ಕೊಡುವ ಸಾರಿಗೆ ಭತ್ಯೆ ಮಾತ್ರ ನೆರವೆಂದೇ ಗಣನೆಯಾಯಿತು. ಕೆಲಸ ಹುಡುಕುವ ಹಂತಕ್ಕಿಂತ ಸಿಕ್ಕ ಕೆಲಸವನ್ನು ಉಳಿಸಿಕೊಳ್ಳುವ ಹಂತಕ್ಕೆ ಈ ನಿಯಮ ಹೆಚ್ಚು ಅನುಕೂಲಕರವಾಗಿತ್ತು.

1997ರ ಸಮತೋಲಿತ ಬಜೆಟ್ ಕಾಯ್ದೆಯು ಕಾರ್ಮಿಕ ಇಲಾಖೆಯ ಮೂಲಕ ‘ವೆಲ್ಫೇರ್ ಟು ವರ್ಕ್’ ಅನುದಾನಗಳಿಗಾಗಿ ಎರಡು ವರ್ಷಗಳಿಗೆ 300 ಕೋಟಿ ಡಾಲರ್ ಒದಗಿಸಿತು. ಸಾರಿಗೆಯೂ ಅದರ ಅಂಗೀಕೃತ ವೆಚ್ಚಗಳಲ್ಲಿ ಒಂದಾಗಿತ್ತು.

ಜಾರ್ಕ್ ಯೋಜನೆ

1998ರ ಜೂನ್ 9ರಂದು ಜಾರಿಗೆ ಬಂದ ಸಾರಿಗೆ ಕಾಯ್ದೆಯ 3037ನೇ ಕಲಮು ಜಾರ್ಕ್ ಯೋಜನೆಯನ್ನು ಸ್ಥಾಪಿಸಿತು. ವರ್ಷಕ್ಕೆ 15 ಕೋಟಿ ಡಾಲರ್‌ವರೆಗೆ ವೆಚ್ಚಕ್ಕೆ ಕಾಯ್ದೆ ಅನುಮತಿ ನೀಡಿತ್ತು. ಮೊದಲ ವರ್ಷವಾದ 1999ರಲ್ಲಿ ಒದಗಿಸಿದ್ದು 7.5 ಕೋಟಿ. ಯೋಜನೆಗೆ ಎರಡು ಭಾಗಗಳಿದ್ದವು. ಮೊದಲನೆಯದು, ಕಲ್ಯಾಣ ನೆರವು ಪಡೆಯುವವರನ್ನೂ ಕಡಿಮೆ ಆದಾಯದವರನ್ನೂ ಕೆಲಸಕ್ಕೆ ಮತ್ತು ಕೆಲಸಕ್ಕೆ ಸಂಬಂಧಿಸಿದ ಸೇವೆಗಳಿಗೆ ಕರೆದೊಯ್ಯುವ ಸಾರಿಗೆ. ಎರಡನೆಯದು, ಆದಾಯದ ಭೇದವಿಲ್ಲದೆ ಎಲ್ಲರನ್ನೂ ಉಪನಗರಗಳ ಉದ್ಯೋಗಸ್ಥಳಗಳಿಗೆ ಒಯ್ಯುವ ಸೇವೆ.

ಕುಟುಂಬದ ಆದಾಯ ಅಧಿಕೃತ ಬಡತನ ರೇಖೆಯ ಶೇ. 150ನ್ನು ಮೀರದಿದ್ದರೆ ಅಂಥವರನ್ನು ಕಡಿಮೆ ಆದಾಯದವರೆಂದು ಪರಿಗಣಿಸಲಾಗುತ್ತಿತ್ತು. 1998ರಲ್ಲಿ ಮೂವರ ಕುಟುಂಬಕ್ಕೆ ಬಡತನ ರೇಖೆ 13,650 ಡಾಲರ್ ಆಗಿದ್ದುದರಿಂದ ಅಂಥ ಕುಟುಂಬಕ್ಕೆ ಈ ಮಿತಿ ವರ್ಷಕ್ಕೆ 20,475 ಡಾಲರ್. ನಗದು ನೆರವಿನ ಪಟ್ಟಿಯಲ್ಲಿಲ್ಲದ, ದುಡಿಯುತ್ತಿರುವ ಬಡ ಕುಟುಂಬಗಳೂ ಇದರಿಂದ ಒಳಗೊಂಡವು.

ವೆಚ್ಚದ ಅರ್ಧವನ್ನು ಕೇಂದ್ರ ಸಾರಿಗೆ ಇಲಾಖೆ ಕೊಡುತ್ತಿತ್ತು. ಉಳಿದರ್ಧವನ್ನು ಸ್ಥಳೀಯರು ಹೊಂದಿಸಬೇಕಿತ್ತು. ಈ ಉಳಿದರ್ಧಕ್ಕೆ ಟ್ಯಾನ್ಫ್‌ನಂತಹ ಬೇರೆ ಇಲಾಖೆಗಳ ಕೇಂದ್ರ ಹಣವನ್ನು ಬಳಸಬಹುದೆಂಬುದು ಯೋಜನೆಯ ಜಾಣತನ. ಇದರಿಂದ ಅದುವರೆಗೆ ಒಬ್ಬರನ್ನೊಬ್ಬರು ಕಂಡರಿಯದ ಬಸ್ ಸಂಸ್ಥೆಗಳೂ ಸಮಾಜ ಕಲ್ಯಾಣ ಕಚೇರಿಗಳೂ ಒಂದೇ ಮೇಜಿನ ಸುತ್ತ ಕೂರಬೇಕಾಯಿತು. ಹಲವು ವೀಕ್ಷಕರ ಪ್ರಕಾರ ಓಡಿದ ಬಸ್ಸುಗಳಿಗಿಂತ ಈ ಸಂಪರ್ಕವೇ ಯೋಜನೆಯ ಹೆಚ್ಚು ಬಾಳಿಕೆಯ ಕೊಡುಗೆ.

ಯೋಜನೆಯ ಹಣದಿಂದ ರಾತ್ರಿ ಮತ್ತು ವಾರಾಂತ್ಯದ ಬಸ್ಸುಗಳು, ಕೈಗಾರಿಕಾ ಪ್ರದೇಶಗಳಿಗೆ ವಿಸ್ತರಿಸಿದ ಮಾರ್ಗಗಳು, ರೈಲು ನಿಲ್ದಾಣದಿಂದ ಕೆಲಸದ ಸ್ಥಳಕ್ಕೆ ಚಿಕ್ಕ ಬಸ್ಸುಗಳು, ಕರೆದಾಗ ಬರುವ ವ್ಯಾನ್‌ಗಳು ನಡೆದವು. ಕೆಲವು ಕಡೆ ವ್ಯಾನ್‌ಗಳು ದಾರಿಯಲ್ಲಿ ಶಿಶುಪಾಲನಾ ಕೇಂದ್ರದ ಬಳಿ ನಿಂತು, ತಾಯಿ ಮಗುವನ್ನು ಒಪ್ಪಿಸಿ ಬರುವವರೆಗೆ ಕಾಯುವ ವ್ಯವಸ್ಥೆಯಿತ್ತು. ವೇಳಾಪಟ್ಟಿಯ ಬಸ್ಸಿನಿಂದ ಆಗದ ಕೆಲಸವಿದು. ತಲಾ ಪ್ರಯಾಣದ ವೆಚ್ಚ ಇಂಥ ಸೇವೆಗಳಲ್ಲಿ ಬಹಳ ಹೆಚ್ಚಿದ್ದುದೂ ಸಹಜವೇ.

ಆರಂಭದಲ್ಲಿ ಅನುದಾನವನ್ನು ಸ್ಪರ್ಧೆಯ ಮೂಲಕ ಹಂಚಬೇಕೆಂದಿತ್ತು. ಕೆಲವೇ ವರ್ಷಗಳಲ್ಲಿ ಕಾಂಗ್ರೆಸ್ ಸದಸ್ಯರು ತಮ್ಮ ಕ್ಷೇತ್ರದ ಯೋಜನೆಗಳ ಹೆಸರನ್ನು ಬಜೆಟ್ ಮಸೂದೆಯಲ್ಲಿಯೇ ನಮೂದಿಸತೊಡಗಿ ಸ್ಪರ್ಧೆ ಹೆಸರಿಗಷ್ಟೇ ಉಳಿಯಿತು. 2005ರ ಆಗಸ್ಟ್ 10ರ ಕಾಯ್ದೆ ಇದನ್ನು ಸೂತ್ರಬದ್ಧ ಅನುದಾನವನ್ನಾಗಿ ಬದಲಿಸಿತು: ಹಣದ ಶೇ. 60 ಎರಡು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಪ್ರದೇಶಗಳಿಗೆ, ಶೇ. 20 ಚಿಕ್ಕ ನಗರಗಳಿಗೆ, ಶೇ. 20 ಗ್ರಾಮೀಣ ಪ್ರದೇಶಗಳಿಗೆ. 2006ರಲ್ಲಿ 13.8 ಕೋಟಿ ಡಾಲರ್ ಇದ್ದ ಮೊತ್ತ 2009ರಲ್ಲಿ 16.45 ಕೋಟಿಗೆ ಏರಿತು. ಪ್ರತಿ ಪ್ರದೇಶವೂ ಅಂಗವಿಕಲರು, ವೃದ್ಧರು ಮತ್ತು ಕಡಿಮೆ ಆದಾಯದವರ ಸಾರಿಗೆಗಾಗಿ ಸಮನ್ವಯ ಯೋಜನೆಯೊಂದನ್ನು ಸಿದ್ಧಪಡಿಸುವುದು ಕಡ್ಡಾಯವಾಯಿತು.

2012ರ ಜುಲೈ 6ರ ಕಾಯ್ದೆ ಜಾರ್ಕ್ ಯೋಜನೆಯನ್ನು ರದ್ದುಮಾಡಿ, ಅದರ ಕೆಲಸಗಳನ್ನು ನಗರ ಮತ್ತು ಗ್ರಾಮೀಣ ಸಾರಿಗೆಯ ಸಾಮಾನ್ಯ ಅನುದಾನಗಳೊಳಗೆ ಸೇರಿಸಿತು. ಸಾರಿಗೆ ಸಂಸ್ಥೆಗಳು ಬಯಸಿದರೆ ಇಂಥ ಸೇವೆಗೆ ಹಣ ಕೊಡಬಹುದು. ಇಷ್ಟು ಕೊಡಲೇಬೇಕೆಂಬ ನಿಯಮವಿಲ್ಲ. ಬೇರೆ ಬೇರೆ ಚಿಕ್ಕ ಯೋಜನೆಗಳನ್ನು ಒಂದುಗೂಡಿಸಿ ಆಡಳಿತವನ್ನು ಸರಳಗೊಳಿಸುವುದು ಇದರ ಉದ್ದೇಶವೆಂದು ಹೇಳಲಾಯಿತು. ಆದರೆ ಮೀಸಲು ಹಣವಿಲ್ಲದಿರುವಾಗ ರಾತ್ರಿ ಪಾಳಿಯ ಹತ್ತಾರು ಪ್ರಯಾಣಿಕರ ಬಸ್ಸು, ತುಂಬಿ ಹೋಗುವ ಮುಖ್ಯಮಾರ್ಗದ ಬಸ್ಸಿನೊಡನೆ ಅದೇ ಹಣಕ್ಕಾಗಿ ಸ್ಪರ್ಧಿಸಬೇಕಾಗುತ್ತದೆ ಎಂಬುದು ಟೀಕಾಕಾರರ ಆಕ್ಷೇಪ.

ಕಾರಿನ ಪ್ರಶ್ನೆ

ಅಮೆರಿಕದಲ್ಲಿ ಕೆಲಸಕ್ಕೆ ಸಾರ್ವಜನಿಕ ಸಾರಿಗೆಯಲ್ಲಿ ಹೋಗುವವರು 2019ರಲ್ಲಿ ದುಡಿಯುವವರ ಸುಮಾರು ಶೇ. 5 ಮಾತ್ರ, ಅದರಲ್ಲಿಯೂ ದೊಡ್ಡ ಪಾಲು ನ್ಯೂಯಾರ್ಕ್ ಮಹಾನಗರದ್ದು. ಬಡವರಲ್ಲಿಯೂ ಹೆಚ್ಚಿನವರು ಸ್ವಂತ ಕಾರಿನಲ್ಲೋ ಬೇರೆಯವರ ಕಾರಿನಲ್ಲೋ ಹೋಗುತ್ತಾರೆ. ಈ ವಾಸ್ತವವನ್ನು ಕಲ್ಯಾಣ ನೀತಿ ಬಹುಕಾಲ ಒಪ್ಪಿಕೊಳ್ಳಲಿಲ್ಲ. ಹಳೆಯ ನಗದು ನೆರವಿನಲ್ಲಿ ಕುಟುಂಬದ ಕಾರಿನ ಮೌಲ್ಯ, ಸಾಲ ಕಳೆದು, 1,500 ಡಾಲರ್ ಮೀರುವಂತಿರಲಿಲ್ಲ. ಆಹಾರ ಚೀಟಿ ಯೋಜನೆಯಲ್ಲಿ 1977ರ ಕಾಯ್ದೆ ಕಾರಿನ ಮಾರುಕಟ್ಟೆ ಬೆಲೆಗೆ 4,500 ಡಾಲರ್‌ಗಳ ಮಿತಿ ಇಟ್ಟಿತ್ತು. ಸುಮಾರು ಎರಡು ದಶಕ ಕಳೆದ ಮೇಲೆ 1996ರಲ್ಲಿ ಅದು 4,650 ಡಾಲರ್ ಆಯಿತು. ಅದಕ್ಕಿಂತ ಹೆಚ್ಚಿನ ಬೆಲೆಯ ಕಾರನ್ನು ಹೊಂದಿದವರು ಊಟದ ನೆರವು ಕಳೆದುಕೊಳ್ಳುವ ಅಪಾಯವಿತ್ತು. ಕೈಕೊಡದ ಕಾರು ಇಟ್ಟುಕೊಂಡರೆ ನೆರವಿಲ್ಲ. ನೆರವು ಉಳಿಯಬೇಕಾದರೆ ಕೈಕೊಡುವ ಕಾರನ್ನೇ ಇಟ್ಟುಕೊಳ್ಳಬೇಕು ಎಂಬ ವಿಚಿತ್ರ ಸ್ಥಿತಿ ಇದರಿಂದ ಹುಟ್ಟಿತು. 1996ರ ನಂತರ ರಾಜ್ಯಗಳು ಟ್ಯಾನ್ಫ್‌ನಲ್ಲಿ ಈ ಮಿತಿಗಳನ್ನು ಸಡಿಲಿಸಿದವು. ಅನೇಕ ರಾಜ್ಯಗಳು ಕನಿಷ್ಠ ಒಂದು ಕಾರನ್ನು ಲೆಕ್ಕದಿಂದಲೇ ಬಿಟ್ಟವು. 2000ದಲ್ಲಿ ಬಂದ ಕಾನೂನು ಬದಲಾವಣೆಯಿಂದ ಆ ಸಡಿಲ ನಿಯಮಗಳನ್ನು ಆಹಾರ ಚೀಟಿಗೂ ಅನ್ವಯಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ದೊರೆಯಿತು.

ಕಾರು ಕೊಳ್ಳಲು ನೆರವಾಗುವ ಯೋಜನೆಗಳಲ್ಲಿ ಹಳೆಯದು ‘ವೇಸ್ ಟು ವರ್ಕ್’. ಮಿನೆಸೊಟಾ ರಾಜ್ಯದಲ್ಲಿ ಮೆಕ್‌ನೈಟ್ ಪ್ರತಿಷ್ಠಾನವು 1984ರಲ್ಲಿ ಆರಂಭಿಸಿದ ಈ ಸಾಲ ಯೋಜನೆ ಮುಂದೆ ಕುಟುಂಬ ಸೇವಾ ಸಂಸ್ಥೆಗಳ ಜಾಲದ ಮೂಲಕ ಬೇರೆ ರಾಜ್ಯಗಳಿಗೂ ಹಬ್ಬಿತು. ಬ್ಯಾಂಕಿನಲ್ಲಿ ಸಾಲ ಹುಟ್ಟದ, ಆದರೆ ಕೆಲಸದಲ್ಲಿರುವ ಬಡ ತಂದೆತಾಯಿಯರಿಗೆ ಬಳಸಿದ ಕಾರು ಕೊಳ್ಳಲು ಅಥವಾ ರಿಪೇರಿ ಮಾಡಿಸಲು ಕೆಲವು ಸಾವಿರ ಡಾಲರ್‌ಗಳ ಸಾಲವನ್ನು ಇದು ಕೊಡುತ್ತದೆ. ಸಾಲದೊಡನೆ ಮನೆಯ ಲೆಕ್ಕಪತ್ರದ ತರಬೇತಿಯೂ ಸೇರಿರುತ್ತದೆ. ಕಂತುಗಳನ್ನು ಹೊತ್ತಿಗೆ ಕಟ್ಟಿದವರ ಸಾಲಾರ್ಹತೆ ಸುಧಾರಿಸಿ ಮುಂದೆ ಮಾಮೂಲಿ ಬ್ಯಾಂಕಿನಿಂದ ಸಾಲ ಪಡೆಯುವಂತಾಗಲಿ ಎಂಬುದು ಆಶಯ. ಇದರ ಮಹತ್ವ ತಿಳಿಯಬೇಕಾದರೆ ಪರ್ಯಾಯವನ್ನು ನೋಡಬೇಕು. ಸಾಲಾರ್ಹತೆ ಇಲ್ಲದವರಿಗೆ ಕಾರು ಮಾರಿ ತಾವೇ ಸಾಲ ಕೊಡುವ ಅಂಗಡಿಗಳ ಬಡ್ಡಿ ಅತಿ ಹೆಚ್ಚು. ಕಂತು ತಪ್ಪಿದರೆ ಎಂಜಿನ್ ಚಾಲೂ ಆಗದಂತೆ ದೂರದಿಂದಲೇ ತಡೆಯುವ ಉಪಕರಣವನ್ನು ಕೆಲವರು ಕಾರಿನಲ್ಲಿ ಅಳವಡಿಸಿರುತ್ತಾರೆ. ಕಾರು ನಿಂತರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮುಂದಿನ ಕಂತೂ ತಪ್ಪುತ್ತದೆ.

ದಾನವಾಗಿ ಬಂದ ಕಾರುಗಳನ್ನು ದುರಸ್ತಿಮಾಡಿ ಬಡ ಕುಟುಂಬಗಳಿಗೆ ಕೊಡುವ ಸಂಸ್ಥೆಗಳೂ ಇವೆ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 1996ರಲ್ಲಿ ಆರಂಭವಾದ ‘ಗುಡ್ ನ್ಯೂಸ್ ಗ್ಯಾರೇಜ್’ ಮತ್ತು ಮೇರಿಲ್ಯಾಂಡ್‌ನಲ್ಲಿ 1999ರಲ್ಲಿ ಆರಂಭವಾದ ‘ವೆಹಿಕಲ್ಸ್ ಫಾರ್ ಚೇಂಜ್’ ಇವುಗಳಲ್ಲಿ ಹೆಸರಾದವು. ಚಳಿಗಾಲದಲ್ಲಿ ಹಿಮ ಮುಚ್ಚುವ, ಬಸ್ಸೇ ಇಲ್ಲದ ಹಳ್ಳಿಗಳಿರುವ ವರ್ಮಾಂಟ್‌ನಂತಹ ರಾಜ್ಯದಲ್ಲಿ ಬಸ್ ಪಾಸ್ ಕೊಡುವುದಕ್ಕೆ ಅರ್ಥವಿಲ್ಲವೆಂಬುದು ಸ್ಪಷ್ಟ.

ಕಾರಿನ ನೆರವಿಗೆ ಆಕ್ಷೇಪಗಳೂ ಇವೆ. ಸಾರ್ವಜನಿಕ ಹಣದಿಂದ ಖಾಸಗಿ ವಾಹನ ಕೊಡಿಸುವುದು ಮಾಲಿನ್ಯವನ್ನೂ ರಸ್ತೆಯ ದಟ್ಟಣೆಯನ್ನೂ ಹೆಚ್ಚಿಸುತ್ತದೆ. ವಿಮೆ, ಪೆಟ್ರೋಲ್, ರಿಪೇರಿಗಳ ಹೊರೆ ಕುಟುಂಬದ ಮೇಲೆ ಬೀಳುತ್ತದೆ ಎಂಬುದು ಒಂದು ವಾದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎವೆಲಿನ್ ಬ್ಲೂಮೆನ್‌ಬರ್ಗ್ ಮೊದಲಾದವರು ಇದಕ್ಕೆ ಪ್ರತಿಯಾಗಿ, ಉದ್ಯೋಗಗಳು ಚದುರಿಹೋಗಿರುವ ಊರುಗಳಲ್ಲಿ ಬಡವರಿಂದ ಮಾತ್ರ ಕಾರಿಲ್ಲದ ಬದುಕನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ವಾದಿಸಿದ್ದಾರೆ. ಎರಡೂ ವಾದಗಳಲ್ಲಿ ಹುರುಳಿದೆಯಾದರೂ, ನಾಳೆ ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಹೋಗಬೇಕಾದ ತಾಯಿಗೆ ನಗರ ಯೋಜನೆ ಬದಲಾಗುವವರೆಗೆ ಕಾಯುವ ಅವಕಾಶವಿರುವುದಿಲ್ಲ.

ಚಾಲನಾ ಪರವಾನಗಿಯೂ ಒಂದು ಅಡ್ಡಿಯಾಗಬಹುದು. ಸಂಚಾರ ದಂಡ ಕಟ್ಟದವರ ಪರವಾನಗಿಯನ್ನು ಅಮಾನತಿನಲ್ಲಿಡುವ ಕಾನೂನು ಅನೇಕ ರಾಜ್ಯಗಳಲ್ಲಿತ್ತು. ದಂಡ ಕಟ್ಟಲು ದುಡಿಯಬೇಕು, ದುಡಿಯಲು ಕಾರು ಓಡಿಸಬೇಕು, ಓಡಿಸಲು ಪರವಾನಗಿ ಬೇಕು. ಕ್ಯಾಲಿಫೋರ್ನಿಯಾ 2017ರಲ್ಲಿ ದಂಡ ಬಾಕಿಯ ಕಾರಣಕ್ಕೆ ಪರವಾನಗಿ ಅಮಾನತು ಮಾಡುವುದನ್ನು ನಿಲ್ಲಿಸಿತು. ಬಳಿಕ ಇತರ ಹಲವು ರಾಜ್ಯಗಳೂ ಹಾಗೆಯೇ ಮಾಡಿದವು.

ಇತರ ರೂಪಗಳು

ಮಗುವಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಕರೆ ಬಂದಾಗ ಮಧ್ಯಾಹ್ನ ಬಸ್ಸಿಲ್ಲದ ಕಡೆ ಸಿಕ್ಕಿಕೊಳ್ಳುವ ಭಯವು ತಂದೆತಾಯಿಯರನ್ನು ಹಂಚಿಕೆಯ ವ್ಯಾನ್‌ಗಳಿಂದ ದೂರವಿಡುತ್ತದೆ. ಇದಕ್ಕೆ ಪರಿಹಾರವಾಗಿ ಅನೇಕ ಮಹಾನಗರಗಳಲ್ಲಿ ‘ಮನೆಗೆ ಮರಳುವ ಖಾತರಿ’ ಯೋಜನೆಗಳಿವೆ. ನೋಂದಾಯಿಸಿಕೊಂಡವರಿಗೆ ವರ್ಷಕ್ಕೆ ಕೆಲವು ಬಾರಿ ಟ್ಯಾಕ್ಸಿ ವೆಚ್ಚವನ್ನು ಭರಿಸಲಾಗುತ್ತದೆ. ಉದ್ಯೋಗ ತರಬೇತಿಗೆ ಸಂಬಂಧಿಸಿದ 2014ರ ಕಾರ್ಯಪಡೆ ಕಾಯ್ದೆಯಡಿ ಸಾರಿಗೆ ಮತ್ತು ಶಿಶುಪಾಲನೆಯನ್ನು ಪೂರಕ ಸೇವೆಗಳಾಗಿ ಕೊಡಬಹುದು. ಶಿಶುಪಾಲನಾ ಕೇಂದ್ರವನ್ನೇ ರೈಲು ನಿಲ್ದಾಣದ ಪಕ್ಕಕ್ಕೆ ತಂದ ಪ್ರಯೋಗಗಳೂ ಇವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಟ್ಯಾಮಿಯೆನ್ ನಿಲ್ದಾಣದ್ದು ಅಂಥದೊಂದು.

ಇತ್ತೀಚಿನ ವರ್ಷಗಳಲ್ಲಿ ಒತ್ತು ಆದಾಯಾಧಾರಿತ ರಿಯಾಯಿತಿ ದರದ ಕಡೆಗೆ ಹೊರಳಿದೆ. ಸಿಯಾಟಲ್ ಪ್ರದೇಶದಲ್ಲಿ 2015ರ ಮಾರ್ಚ್‌ನಲ್ಲಿ ಆರಂಭವಾದ ‘ಓರ್ಕಾ ಲಿಫ್ಟ್’ ಬಡತನ ರೇಖೆಯ ಇಮ್ಮಡಿವರೆಗಿನ ಆದಾಯದವರಿಗೆ ಅನ್ವಯಿಸುತ್ತದೆ. ನ್ಯೂಯಾರ್ಕ್ ನಗರದ ‘ಫೇರ್ ಫೇರ್ಸ್’ 2019ರಲ್ಲಿ ಅರ್ಧ ದರದ ಪ್ರಯಾಣವನ್ನು ಆರಂಭಿಸಿತು.

ಪರಿಣಾಮಗಳ ಅಧ್ಯಯನ

ಸಾರಿಗೆ ಒದಗಿಸಿದರೆ ಉದ್ಯೋಗ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳು ಏಕರೂಪವಾಗಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಬಾಲ್ಟಿಮೋರ್, ಡೆನ್ವರ್, ಮಿಲ್ವಾಕಿ, ಸೇಂಟ್ ಲೂಯಿಸ್ ಮೊದಲಾದ ನಗರಗಳಲ್ಲಿ ನಡೆದ ‘ಬ್ರಿಜಸ್ ಟು ವರ್ಕ್’ ಎಂಬ ಪ್ರಯೋಗದಲ್ಲಿ ನಗರಕೇಂದ್ರದ ಬಡವರಿಗೆ ಉಪನಗರದ ಉದ್ಯೋಗಗಳನ್ನು ತೋರಿಸಿ, ಅಲ್ಲಿಗೆ ವ್ಯಾನ್ ವ್ಯವಸ್ಥೆ ಮಾಡಲಾಯಿತು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ಕೆಯಾದವರನ್ನೂ ಆಗದವರನ್ನೂ ಹೋಲಿಸಿದಾಗ, ಒಟ್ಟಾರೆಯಾಗಿ ಉದ್ಯೋಗದಲ್ಲಾಗಲಿ ಗಳಿಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಗ ದೇಶದೆಲ್ಲೆಡೆ ಕೆಲಸಗಳು ಹೇರಳವಾಗಿದ್ದವು. ವ್ಯಾನ್ ಸಿಗದವರಿಗೂ ಮನೆಯ ಹತ್ತಿರವೇ ಕೆಲಸ ಸಿಕ್ಕಿತು ಎಂಬುದು ಇದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು. ಉಪನಗರದ ಕೆಲಸದ ಸಂಬಳ ದೂರದ ಪ್ರಯಾಣಕ್ಕೆ ತಕ್ಕಷ್ಟು ಹೆಚ್ಚಿರಲಿಲ್ಲ ಎಂಬುದು ಇನ್ನೊಂದು.

ವಾಷಿಂಗ್ಟನ್ ನಗರದಲ್ಲಿ ಕೆಲಸ ಹುಡುಕುತ್ತಿದ್ದ ಕಡಿಮೆ ಸಂಬಳದವರಿಗೆ ಬಸ್ ಹಾಗೂ ಮೆಟ್ರೋ ಕಾರ್ಡುಗಳನ್ನು ಯಾದೃಚ್ಛಿಕವಾಗಿ ಹಂಚಿ ಡೇವಿಡ್ ಫಿಲಿಪ್ಸ್ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಡು ಪಡೆದವರು ಆರಂಭದ ವಾರಗಳಲ್ಲಿ ಹೆಚ್ಚು ಕೆಲಸಗಳಿಗೆ ಪ್ರಯತ್ನಿಸಿದ್ದು ಕಂಡುಬಂತು. ಕಾರು ಮತ್ತು ಉದ್ಯೋಗದ ನಡುವಿನ ಸಂಬಂಧ ಇವೆರಡಕ್ಕಿಂತ ಬಲವಾಗಿ ಕಾಣುತ್ತದೆ. ಸ್ಟೀವನ್ ರಾಫೆಲ್ ಮತ್ತು ಲೊರಿಯನ್ ರೈಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ, ಟೆನೆಸೀ ರಾಜ್ಯದ ಕಲ್ಯಾಣ ಫಲಾನುಭವಿಗಳನ್ನು ಕುರಿತು ಟಾಮಿ ಗರ್ಲಿ ಮತ್ತು ಡೊನಾಲ್ಡ್ ಬ್ರೂಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಾರಿನ ಲಭ್ಯತೆಗೂ ಉದ್ಯೋಗಕ್ಕೂ ಸ್ಪಷ್ಟ ಸಂಬಂಧವನ್ನು ಕಂಡವು. ಇಂಥ ಅಧ್ಯಯನಗಳಲ್ಲಿ ಒಂದು ಎಚ್ಚರ ಅಗತ್ಯ: ಕಾರಿದ್ದುದರಿಂದ ಕೆಲಸ ಸಿಕ್ಕಿತೋ, ಕೆಲಸ ಸಿಕ್ಕಿದ್ದರಿಂದ ಕಾರು ಕೊಂಡರೋ ಎಂದು ಬಿಡಿಸಿ ಹೇಳುವುದು ಕಷ್ಟ. ಸಂಶೋಧಕರು ಸಂಖ್ಯಾಶಾಸ್ತ್ರದ ಉಪಾಯಗಳಿಂದ ಇದನ್ನು ನಿಭಾಯಿಸಲು ಯತ್ನಿಸಿದ್ದಾರೆ. ಅನುಮಾನ ಪೂರ್ಣವಾಗಿ ನೀಗಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಹೆಚ್ಚಿನ ಅಧ್ಯಯನಗಳು ಕೆಲಸ ಸಿಗುವುದನ್ನು ಅಳೆಯುತ್ತವೆಯೇ ಹೊರತು ಸಿಕ್ಕ ಕೆಲಸ ಎಷ್ಟು ಕಾಲ ಉಳಿಯಿತು ಎಂಬುದನ್ನಲ್ಲ. ತಡವಾಗಿ ಬಂದದ್ದಕ್ಕೆ ಕೆಲಸ ಕಳೆದುಕೊಂಡವರ ಕಡತದಲ್ಲಿ ಬಸ್ಸಿನ ಹೆಸರು ಬರುವುದಿಲ್ಲ. ಗೈರುಹಾಜರಿ ಎಂದಷ್ಟೇ ಬರುತ್ತದೆ.

ಭಾರತದ ಯೋಜನೆಗಳೊಂದಿಗೆ ಹೋಲಿಕೆ

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ಮ಩ಹಿಳೆಯರಿಗೆ ಉಚಿತ ಬಸ್ ಪ್ರಯಾಣ. ದೆಹಲಿ 2019ರ ಅಕ್ಟೋಬರ್‌ನಲ್ಲಿಯೂ ತಮಿಳುನಾಡು 2021ರ ಮೇ ತಿಂಗಳಲ್ಲಿಯೂ ಇದನ್ನು ಆರಂಭಿಸಿದವು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದು, ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ‘ಶೂನ್ಯ ಟಿಕೆಟ್’ ಪ್ರಯಾಣವನ್ನು ಒದಗಿಸಿತು. ಅಮೆರಿಕದ ಯೋಜನೆಗಳಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಶಕ್ತಿಯಲ್ಲಿ ಆದಾಯದ ಪರೀಕ್ಷೆಯಿಲ್ಲ, ಉದ್ಯೋಗದ ಷರತ್ತಿಲ್ಲ. ಗುರುತಿನ ಚೀಟಿ ಸಾಕು. ಅದು ಇಳಿಸುವುದು ಪ್ರಯಾಣದ ದರವನ್ನು. ಜಾರ್ಕ್ ಯೋಜನೆ ತುಂಬಲು ಯತ್ನಿಸಿದ್ದು ಬಸ್ಸೇ ಇಲ್ಲದ ದಾರಿಯನ್ನೂ ಹೊತ್ತನ್ನೂ. ಬಸ್ಸು ಬಾರದ ಊರಿನ ಮಹಿಳೆಗೆ ಶೂನ್ಯ ಟಿಕೆಟ್ಟಿನಿಂದ ಪ್ರಯೋಜನ ಕಡಿಮೆ ಎಂಬ ಮಾತು ಇಲ್ಲಿಯೂ ಕೇಳಿಬಂದಿದೆ.

ಮಗುವನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಯನ್ನು ಕರ್ನಾಟಕ ಬೇರೆ ದಾರಿಯಿಂದ ಎದುರಿಸಿದೆ. 2023ರಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಯೋಜನೆಯಡಿ ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ, ಶಿಶುಪಾಲನಾ ಕೇಂದ್ರಗಳನ್ನು ತೆರೆಯಲಾಗಿದೆ.